ಈ ತಿಂಗಳ ಮಹನೀಯರು: ಹತ್ತನೆಯ ಚಾಮರಾಜೇಂದ್ರ ಒಡೆಯರು



ಡಿಸೆಂಬರ್ ಬಂತು ಅಂದ್ರೆ ನಮ್ಮ ಕಡೆ ಇಬ್ಬನಿ, ಚಳಿ, ಸೊಗಡಿನ ಅವರೆಕಾಯಿ. ಕನ್ನಡನಾಡಿನ ಚರಿತ್ರೆಯಲ್ಲೂ ಈ ತಿಂಗಳಿಗೆ ದೊಡ್ಡ ಜಾಗವಿದೆ. 1782ರ ಡಿಸೆಂಬರ್ 7ರಂದು ಹೈದರಾಲಿ ಯುದ್ಧದ ನಡುವೆ ದಂಡಿನ ಬಿಡಾರದಲ್ಲೇ ತೀರಿಕೊಂಡರು. 1824ರ ಡಿಸೆಂಬರ್‌ನಲ್ಲಿ ಕಿತ್ತೂರು ಕೋಟೆ ಇಂಗ್ಲಿಷರ ಕೈಸೇರಿ ರಾಣಿ ಚೆನ್ನಮ್ಮ ಸೆರೆಯಾದರು. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದರು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾದರು. ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ.

ಆದರೆ 1894ರ ಡಿಸೆಂಬರ್ 28ನ್ನು ನೆನೆಯುವವರು ಕಡಿಮೆ. ಅಂದು ಮೈಸೂರಿನ ಮಹಾರಾಜರು ತಮ್ಮ ನಾಡಿನಿಂದ ಬಹಳ ದೂರದ ಕಲ್ಕತ್ತೆಯಲ್ಲಿ ಕಣ್ಮುಚ್ಚಿದರು. ಅವರಿಗೆ ಆಗ ಕೇವಲ 31 ವರ್ಷ. ಪಟ್ಟಕ್ಕೆ ಬರಬೇಕಾದ ಮಗನಿಗೆ 10 ವರ್ಷ. ಮೈಸೂರು ಸೀಮೆ ಮತ್ತೆ ಪರರ ಕೈಗೆ ಹೋಗುತ್ತೇನೋ ಅಂತ ಜನ ಹೆದರುವಂಥ ಹೊತ್ತು ಅದು. ಹಾಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದನ್ನ ತಿಳಿಯಬೇಕಾದರೆ ಆ ದೊರೆಯ ಬಾಳನ್ನು ಮೊದಲಿನಿಂದ ನೋಡಬೇಕು. ನಮ್ಮ ವೈಟ್‌ಫೀಲ್ಡ್‌ಗೂ ಆ ಪೀಣ್ಯದ ಕಡೆಯವರಿಗೂ ಅವರ ಋಣವಿದೆ. ಅದನ್ನೂ ಹೇಳುತ್ತೇವೆ.

ಹುಟ್ಟು ಮತ್ತು ದತ್ತು

ಚಾಮರಾಜೇಂದ್ರರು ಹುಟ್ಟಿದ್ದು 1863ರ ಫೆಬ್ರವರಿ 22ರಂದು, ಮೈಸೂರಿನಲ್ಲಿ. ಅವರು ದೊರೆಯ ಸ್ವಂತ ಮಗನಲ್ಲ. ಬೆಟ್ಟದಕೋಟೆ ಅರಸು ಮನೆತನದ ಚಿಕ್ಕ ಕೃಷ್ಣರಾಜೇ ಅರಸರ ಮಗ.

ಆಗ ಮೈಸೂರಿನ ಸಿಂಹಾಸನದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದರು. ಹೆಸರಿಗೆ ದೊರೆ, ಅಧಿಕಾರ ಮಾತ್ರ ಇಲ್ಲ. ನಗರದ ರೈತರ ದಂಗೆಯ ನೆಪ ಹೇಳಿ, ಆಡಳಿತ ಸರಿಯಿಲ್ಲ ಅಂತ 1831ರಲ್ಲೇ ಇಂಗ್ಲಿಷರು ರಾಜ್ಯಭಾರವನ್ನು ಕಿತ್ತುಕೊಂಡಿದ್ದರು. ಬೆಂಗಳೂರಿನಲ್ಲಿ ಕಮಿಷನರು ಕೂತು ಆಳುತ್ತಿದ್ದರು. ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್, ಬೌರಿಂಗ್ ಆಸ್ಪತ್ರೆಗೆ ಹೆಸರು ಕೊಟ್ಟ ಬೌರಿಂಗ್, ಇವರೆಲ್ಲ ಆ ಕಮಿಷನರುಗಳೇ. ಮುಮ್ಮಡಿಯವರು ರಾಜ್ಯ ವಾಪಸು ಕೊಡಿ ಅಂತ ವರ್ಷಗಟ್ಟಲೆ ಪತ್ರ ಬರೆದರು, ಅಹವಾಲು ಕಳಿಸಿದರು. ಫಲ ಸಿಗಲಿಲ್ಲ.

ಅದರ ಮೇಲೆ ಇನ್ನೊಂದು ಚಿಂತೆ. ಪಟ್ಟಕ್ಕೆ ಗಂಡು ಮಗನಿಲ್ಲ. ಮಗನಿಲ್ಲದ ರಾಜ್ಯಗಳನ್ನು ಇಂಗ್ಲಿಷರು ನುಂಗಿ ಹಾಕುತ್ತಿದ್ದ ಕಾಲ ಆಗತಾನೆ ಕಳೆದಿತ್ತು. ಅದಕ್ಕೇ 1865ರ ಜೂನ್ 18ರಂದು ಮುಮ್ಮಡಿಯವರು ಎರಡು ವರ್ಷದ ಈ ಕೂಸನ್ನು ದತ್ತು ತಗೊಂಡರು. ಮೊದಮೊದಲು ಇಂಗ್ಲಿಷರು ಈ ದತ್ತನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ತನಕ ವಾದ ಹೋಯಿತು. ಕೊನೆಗೆ 1867ರಲ್ಲಿ ಒಪ್ಪಿಗೆ ಬಂತು. ಹುಡುಗ ಬೆಳೆದು ಯೋಗ್ಯನಾದರೆ ರಾಜ್ಯ ಕೊಡುತ್ತೇವೆ, ಅಲ್ಲಿ ತನಕ ನಾವೇ ಆಳುತ್ತೇವೆ ಎಂಬುದು ಅವರ ತೀರ್ಮಾನ. ಮರು ವರ್ಷ, 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಸೆಪ್ಟೆಂಬರ್ 23ರಂದು ಐದು ವರ್ಷದ ಬಾಲಕನಿಗೆ ಪಟ್ಟ ಕಟ್ಟಲಾಯಿತು. ನಮ್ಮ ಅಂಗನವಾಡಿ ಮಕ್ಕಳ ವಯಸ್ಸು!

ದೊರೆಗೂ ಪರೀಕ್ಷೆ

ನಮಗೆ ವರ್ಷಕ್ಕೊಂದು ದೊಡ್ಡ ಪರೀಕ್ಷೆ. ಆ ಹುಡುಗನಿಗೆ ಹದಿಮೂರು ವರ್ಷ ಪೂರ್ತಿ ಪರೀಕ್ಷೆಯೇ. ಅವರ ಓದಿಗೆ ಇಂಗ್ಲಿಷ್ ಅಧಿಕಾರಿಗಳನ್ನು ನೇಮಿಸಿದರು. ಚರಿತ್ರೆ ಬರೆದು ಹೆಸರಾದ ಕರ್ನಲ್ ಮ್ಯಾಲಿಸನ್ ಅವರಲ್ಲೊಬ್ಬರು. ಮೈಸೂರಿನ ಲೋಕರಂಜನ ಮಹಲಿನಲ್ಲಿ ಶಾಲೆ ನಡೆಯಿತು. ಒಳ್ಳೆಯದೇನಂದ್ರೆ ದೊರೆಯನ್ನು ಒಂಟಿಯಾಗಿ ಕೂರಿಸಿ ಕಲಿಸಲಿಲ್ಲ. ಅರಸು ಮನೆತನದ ಮತ್ತು ಅಧಿಕಾರಿಗಳ ಮಕ್ಕಳೂ ಜೊತೆಗೆ ಕೂತು ಕಲಿತರು. ಪುಸ್ತಕದ ಪಾಠದ ಜೊತೆಗೆ ಕುದುರೆ ಸವಾರಿ, ಆಟೋಟ, ಊರೂರು ಸುತ್ತಿ ನೋಡುವ ಪ್ರವಾಸ. ದೊಡ್ಡವರಾಗುತ್ತ ಬಂದಂತೆ ರಾಜ್ಯಭಾರದ ಕೆಲಸ ಹೇಗೆ ನಡೆಯುತ್ತೆ ಎಂಬುದನ್ನೂ ಕಲಿಸಿದರು.

1878ರಲ್ಲಿ ಕೆಂಪನಂಜಮ್ಮಣ್ಣಿಯವರ ಜೊತೆ ಅವರ ಮದುವೆಯಾಯಿತು. ದೊರೆಗೆ ಆಗ 15 ವರ್ಷ. ವಧು ಇನ್ನೂ ಚಿಕ್ಕ ಬಾಲಕಿ. ಆ ಕಾಲದಲ್ಲಿ ಅದೇ ರೂಢಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಥೆಯಲ್ಲಿ ಮತ್ತೆ ಬರುತ್ತೆ.

ಧಾತು ಈಶ್ವರ ಬರ

ದೊರೆ ಓದುತ್ತಿದ್ದ ಕಾಲದಲ್ಲೇ ನಾಡಿಗೆ ಭಯಂಕರ ಕ್ಷಾಮ ಬಂತು. 1876ರಿಂದ 1878ರ ತನಕ. ಧಾತು ಸಂವತ್ಸರ, ಈಶ್ವರ ಸಂವತ್ಸರ ಎರಡರಲ್ಲೂ ಇದ್ದುದರಿಂದ ಹಿರಿಯರು ಇದನ್ನು ಧಾತು ಈಶ್ವರ ಬರ ಅಂತಾರೆ. ಮಳೆ ಹೋಯಿತು, ಕೆರೆ ಬತ್ತಿತು, ರಾಗಿ ಇಲ್ಲ, ದನಕ್ಕೆ ಮೇವಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷ ಮುಟ್ಟಲಿಲ್ಲ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾಗಿತ್ತು, ಎಂಟು ಲಕ್ಷಕ್ಕೂ ಮೀರಿ ಕಡಿಮೆಯಾದರು. ಆರು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲವಾದರು ಅಂದ್ರೆ ಲೆಕ್ಕ ಅರ್ಥವಾಗುತ್ತೆ. ಬೊಕ್ಕಸದಲ್ಲಿದ್ದ ಹಣ ಖಾಲಿಯಾಗಿ ಸಂಸ್ಥಾನದ ತಲೆಮೇಲೆ 80 ಲಕ್ಷ ರೂಪಾಯಿ ಸಾಲ ಕೂತಿತು.

ಇಂಥ ಹೊತ್ತಿನಲ್ಲಿ, 1881ರ ಮಾರ್ಚ್ 25ರಂದು ರಾಜ್ಯ ವಾಪಸು ಬಂತು. ವೈಸ್‌ರಾಯ್ ರಿಪನ್ ಪರವಾಗಿ ಮದ್ರಾಸಿನ ಗವರ್ನರು ಮೈಸೂರಿಗೆ ಬಂದು 18 ವರ್ಷದ ದೊರೆಗೆ ಅಧಿಕಾರ ಒಪ್ಪಿಸಿದರು. ಐವತ್ತು ವರ್ಷದ ನಂತರ ಮೈಸೂರು ಮತ್ತೆ ಮೈಸೂರಿನವರ ಕೈಗೆ! ಇದನ್ನೇ ಚರಿತ್ರೆಯಲ್ಲಿ ಪುನರ್ದಾನ ಅಂತಾರೆ.

ಆದರೆ ಬಿಟ್ಟಿ ಕೊಟ್ಟಿದ್ದಲ್ಲ. ಷರತ್ತುಗಳು ಬಿಗಿಯಾಗಿದ್ದವು. ವರ್ಷಕ್ಕೆ 24 ಲಕ್ಷ 50 ಸಾವಿರ ಇದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬರದ ಕಾರಣ ಏರಿಕೆಯನ್ನು ಕೆಲವು ವರ್ಷ ಮುಂದಕ್ಕೆ ಹಾಕಿದರು ಅಷ್ಟೆ. ಬೆಂಗಳೂರಿನ ದಂಡು ಪ್ರದೇಶ ಅವರದೇ ಕೈಯಲ್ಲಿ ಉಳೀತು. ದೊಡ್ಡ ಕಾನೂನು ಬದಲಿಸಬೇಕಾದರೆ ಅವರ ಒಪ್ಪಿಗೆ ಬೇಕು. ಆಡಳಿತ ಕೆಟ್ಟರೆ ಮತ್ತೆ ಕೈಹಾಕುವ ಹಕ್ಕೂ ಅವರಿಗಿತ್ತು. 18 ವರ್ಷದ ಹುಡುಗ, ಖಾಲಿ ಬೊಕ್ಕಸ, ಹಸಿದ ಜನ, ತಪ್ಪು ಹುಡುಕಲು ಕಾದಿರುವ ಧಣಿಗಳು. ಹೇಗಿದ್ದಿರಬೇಕು ನೀವೇ ಊಹಿಸಿ.

ಪ್ರಜೆಗಳಿಗೆ ಲೆಕ್ಕ ಒಪ್ಪಿಸಿದ ಸಭೆ

ದೊರೆಯ ಮೊದಲ ದಿವಾನರು ಸಿ. ರಂಗಾಚಾರ್ಲು. ಲೆಕ್ಕಪತ್ರದಲ್ಲಿ ಬಲು ಗಟ್ಟಿಗರು. ಅಧಿಕಾರ ಬಂದು ಏಳು ತಿಂಗಳೂ ಆಗಿರಲಿಲ್ಲ, 1881ರ ಅಕ್ಟೋಬರ್ 7ರಂದು ದಸರೆ ಸಮಯದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ತಾಲ್ಲೂಕು ತಾಲ್ಲೂಕಿನಿಂದ 144 ಮಂದಿ ಬಂದರು. ಜಮೀನುದಾರರು, ವ್ಯಾಪಾರಿಗಳು. ಸರ್ಕಾರ ಎಷ್ಟು ಹಣ ಎತ್ತಿತು, ಯಾವುದಕ್ಕೆ ಖರ್ಚು ಮಾಡಿತು ಅಂತ ದಿವಾನರು ಅವರ ಮುಂದೆ ಹೇಳಿದರು. ಊರಿನ ಕಷ್ಟಗಳನ್ನು ಕೇಳಿದರು. ಭಾರತದ ದೇಶೀ ಸಂಸ್ಥಾನಗಳಲ್ಲಿ ಇಂಥ ಸಭೆ ಅದೇ ಮೊದಲು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ಸಭೆಗೆ ಮತ ಹಾಕುವ ಅಧಿಕಾರ ಇರಲಿಲ್ಲ. ಕೂಲಿಯವರು, ಹೆಂಗಸರು ಅಲ್ಲಿ ಇರಲಿಲ್ಲ. ಮೊದಲ ವರ್ಷಗಳಲ್ಲಿ ಚುನಾವಣೆಯೂ ಇರಲಿಲ್ಲ. 1891ರಿಂದ ಆರಿಸಿ ಕಳಿಸುವ ಪದ್ಧತಿ ಶುರುವಾಯಿತು. ಆದರೂ ಕೇಳುವವರ ಮುಂದೆ ನಿಂತು ಲೆಕ್ಕ ಹೇಳುವ ಅಭ್ಯಾಸ ಬಿತ್ತು ನೋಡಿ, ಅದು ದೊಡ್ಡದು. ನಮ್ಮ ಪಂಚಾಯಿತಿಯ ಗ್ರಾಮಸಭೆಗೆ ಹೋದವರಿಗೆ ಇದರ ಬೆಲೆ ಗೊತ್ತಾಗುತ್ತೆ.

1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಮುಂದೆ ದಿವಾನರಾದವರು ಕೆ. ಶೇಷಾದ್ರಿ ಅಯ್ಯರ್. ಅವರಿಗೆ ಆಗ 37 ವರ್ಷ, ದೊರೆಗೆ ಇನ್ನೂ 20 ತುಂಬಿರಲಿಲ್ಲ. ಇಬ್ಬರೂ ಸೇರಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. ರೈಲು ದಾರಿಗಳು ಹೆಚ್ಚಿದವು. ಬೆಂಗಳೂರಿನಿಂದ ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ. ಬರ ಬಂದಾಗ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತಿದ್ದರು, ಅದಕ್ಕೇ ರೈಲಿನ ಮೇಲೆ ಅಷ್ಟು ಆಸ್ಥೆ. ಕೋಲಾರದ ಗಣಿಯಲ್ಲಿ ಚಿನ್ನ ಚೆನ್ನಾಗಿ ಸಿಗತೊಡಗಿದ್ದೂ ಇವರ ಕಾಲದಲ್ಲೇ.

ನಮ್ಮ ವೈಟ್‌ಫೀಲ್ಡ್

ವೈಟ್‌ಫೀಲ್ಡ್ ಅಂದ್ರೆ ಬಿಳಿ ಹೊಲ ಅಂತ ಕೆಲವರು, ಬಿಳಿಯರ ಹೊಲ ಅಂತ ಕೆಲವರು ಹೇಳ್ತಾರೆ. ಎರಡೂ ಅಲ್ಲ. ವೈಟ್ ಅನ್ನೋದು ಒಬ್ಬರ ಹೆಸರು. ಡಿ. ಎಸ್. ವೈಟ್ ಎಂಬುವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘ ಕಟ್ಟಿದವರು. ತಂದೆಯ ಕಡೆ ಯೂರೋಪು, ತಾಯಿಯ ಕಡೆ ಭಾರತ, ಹೀಗೆ ಎರಡು ಬೇರುಗಳ ಜನ ಅವರು. ನೌಕರಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ವಂತ ಭೂಮಿಯಲ್ಲಿ ದುಡಿದು ಬದುಕಲಿ ಅನ್ನೋದು ವೈಟ್ ಅವರ ಆಸೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆ ಸಂಘಕ್ಕೆ 3900 ಎಕರೆ ಭೂಮಿ ಕೊಟ್ಟರು. ಅದರಲ್ಲಿ ಎದ್ದ ಊರುಗಳಲ್ಲಿ ಒಂದು ವೈಟ್‌ಫೀಲ್ಡ್. ದುಂಡಗಿನ ರಸ್ತೆ, ಅದರ ಸುತ್ತ ಮನೆಗಳು, ನಡುವೆ ಬಯಲು. ಆ ದುಂಡು ರಸ್ತೆ ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಈಗಲೂ ಇದೆ.

ಬೇಸಾಯ ಗೊತ್ತಿಲ್ಲದವರಿಗೆ ಮಳೆ ನಂಬಿದ ಕೆಮ್ಮಣ್ಣಿನ ಭೂಮಿ ಸುಲಭಕ್ಕೆ ಒಲಿಯಲಿಲ್ಲ. ಅಂದುಕೊಂಡಷ್ಟು ಮಂದಿ ಬರಲಿಲ್ಲ. ಮುಂದೆ ಅದು ನಿವೃತ್ತರಾದವರ ಸದ್ದಿಲ್ಲದ ಊರಾಯಿತು. ನೂರು ವರ್ಷ ಕಳೆದ ಮೇಲೆ ಕಂಪನಿಗಳ ಗಾಜಿನ ಕಟ್ಟಡಗಳು ಬಂದವು, 2023ರಲ್ಲಿ ಮೆಟ್ರೋ ರೈಲೂ ಬಂತು. ಬೇಸಾಯಕ್ಕೆ ಅಂತ ಕೊಟ್ಟ ಭೂಮಿಯ ಕಥೆ ಹೀಗೆ ತಿರುಗಿತು. ಸುತ್ತಲಿನ ಹಳ್ಳಿಗಳಲ್ಲಿ ಹೊಲ ಮಾರಿದ ಮನೆಗಳೂ ಇವೆ, ಉಳಿಸಿಕೊಂಡ ಮನೆಗಳೂ ಇವೆ. ಯಾರಿಗೆ ಎಷ್ಟು ಒಳ್ಳೇದಾಯ್ತು ಅಂತ ಮನೆಯ ಹಿರಿಯರನ್ನ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ ಬರುತ್ತೆ.

ನೀರು, ಓದು, ಕಲೆ

ಬೆಂಗಳೂರು ಊರಿಗೆ ಮೊದಲು ಕೆರೆ ಬಾವಿಗಳೇ ಗತಿ. ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ, ಹಲಸೂರು ಕೆರೆ. ಬರದಲ್ಲಿ ಅವು ಸಾಲಲಿಲ್ಲ. ಅದಕ್ಕೆ ಪೀಣ್ಯದ ಆಚೆ ಅರ್ಕಾವತಿ ಹೊಳೆಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಹಾಕಿದರು. 1894ರಲ್ಲಿ ಶುರುವಾದ ಆ ಕೆಲಸಕ್ಕೆ ಚಾಮರಾಜೇಂದ್ರ ಜಲಕಾರ್ಯ ಅಂತ ಹೆಸರಿಟ್ಟರು. ಊರಿಗೆ ನೀರು ಹರಿದದ್ದು 1896ರಲ್ಲಿ. ಬೆಂಗಳೂರಿನ ಮೊದಲ ನಲ್ಲಿ ನೀರು ಅದೇ. ಹೆಸರಿಟ್ಟ ದೊರೆ ಅದನ್ನು ನೋಡಲು ಇರಲಿಲ್ಲ.

ಹೆಣ್ಣುಮಕ್ಕಳ ಓದಿಗೆ ಅವರು ಕೊಟ್ಟ ಒತ್ತಾಸೆ ದೊಡ್ಡದು. 1881ರಲ್ಲಿ ಅಂಬಳೆ ನರಸಿಂಹಯ್ಯಂಗಾರರು ಮೈಸೂರಿನಲ್ಲಿ ಶುರುಮಾಡಿದ ಮಹಾರಾಣಿ ಹೆಣ್ಣುಮಕ್ಕಳ ಶಾಲೆಗೆ ಅರಮನೆಯ ಆಸರೆ ಸಿಕ್ಕಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದರೆ ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಅರಮನೆಯೇ ಹಿಂದೆ ನಿಂತಾಗ ಆಡಿಕೊಳ್ಳುವ ಬಾಯಿ ಸ್ವಲ್ಪ ಮುಚ್ಚಿತು. ಮುಂದೆ ಅದು ಮಹಾರಾಣಿ ಕಾಲೇಜಾಗಿ ಬೆಳೆಯಿತು.

1894ರಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ಬಂತು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಅಂತ. ಬರೀ ಎಂಟು ವರ್ಷವೇ ಅಂತ ನಮಗೆ ಆಶ್ಚರ್ಯವಾಗುತ್ತೆ. ಆದರೆ ಅಷ್ಟಕ್ಕೇ ಆಗ ಎಷ್ಟೋ ಜನ ಸಿಟ್ಟಾದರು. ದೇಶಕ್ಕೆಲ್ಲ ಸೇರಿ 14 ವರ್ಷ ಅಂತ ನಿಗದಿ ಮಾಡಿದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಈಗ 18. ಈ ಮೆಟ್ಟಿಲುಗಳಲ್ಲಿ ಮೈಸೂರಿನದು ಮೊದಮೊದಲ ಮೆಟ್ಟಿಲು.

1891ರಲ್ಲಿ ಮೈಸೂರಿನಲ್ಲಿ ಓಲೆಗರಿ ಕಾಪಾಡುವ ಓರಿಯೆಂಟಲ್ ಲೈಬ್ರರಿ ತೆರೆಯಿತು. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಅಂತ ವಿದ್ವಾಂಸರು ತಿಳಿದಿದ್ದರು. ಅದರ ಓಲೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಇದೇ ಲೈಬ್ರರಿಯಿಂದ. 1892ರಲ್ಲಿ ಮೈಸೂರಿನ ಮೃಗಾಲಯ ಶುರುವಾಯಿತು.

ದೊರೆಗೆ ಸಂಗೀತ ನಾಟಕ ಅಂದ್ರೆ ಪ್ರಾಣ. ಸ್ವತಃ ಪಿಟೀಲು ನುಡಿಸುತ್ತಿದ್ದರು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಅವರ ಆಸ್ಥಾನದವರು. ಕನ್ನಡದಲ್ಲಿ ಆಡಲು ನಾಟಕ ಬೇಕೆಂದು ಬಸವಪ್ಪ ಶಾಸ್ತ್ರಿಗಳಿಂದ ಶಾಕುಂತಲವನ್ನು ಕನ್ನಡಕ್ಕೆ ತರಿಸಿದರು, ಅವರಿಗೆ ಅಭಿನವ ಕಾಳಿದಾಸ ಎಂಬ ಬಿರುದು ಕೊಟ್ಟರು. ಅರಮನೆಯ ನಾಟಕ ಕಂಪನಿಯೂ ಹುಟ್ಟಿತು.

ಸ್ವಾಮಿ ವಿವೇಕಾನಂದರು 1892ರಲ್ಲಿ ಪರಿವ್ರಾಜಕರಾಗಿ ಊರೂರು ಸುತ್ತುತ್ತ ಮೈಸೂರಿಗೆ ಬಂದಾಗ ಇದೇ ದೊರೆ ಆದರಿಸಿದರು. ಆಗ ಸ್ವಾಮೀಜಿ ಲೋಕಕ್ಕೆ ಗೊತ್ತಿರಲಿಲ್ಲ. ಮರು ವರ್ಷ ಅಮೆರಿಕದ ಇಲಿನಾಯ್ ರಾಜ್ಯದ ಷಿಕಾಗೋ ನಗರದಲ್ಲಿ ಸರ್ವಧರ್ಮ ಸಮ್ಮೇಳನ ನಡೆದು ಹೆಸರಾದರು. 1894ರ ಜೂನ್ 23ರಂದು ಅದೇ ಷಿಕಾಗೋದಿಂದ ಅವರು ಮೈಸೂರಿನ ದೊರೆಗೆ ಪತ್ರ ಬರೆದರು. ಅಲ್ಲಿಂದ ಆರು ತಿಂಗಳಿಗೆ ಡಿಸೆಂಬರ್ ಬಂತು.

ಆ ಡಿಸೆಂಬರ್

1894ರ ಕೊನೆಯಲ್ಲಿ ದೊರೆ ಸಂಸಾರ ಸಮೇತ ಉತ್ತರದ ಕಡೆ ಪ್ರವಾಸ ಹೊರಟು ಕಲ್ಕತ್ತೆ ತಲುಪಿದರು. ಆಗ ಭಾರತದ ರಾಜಧಾನಿ ಅದೇ, ವೈಸ್‌ರಾಯ್ ಇರುತ್ತಿದ್ದದ್ದೂ ಅಲ್ಲೇ. ಅಲ್ಲಿ ದೊರೆಗೆ ಗಂಟಲಮಾರಿ ರೋಗ ತಗುಲಿತು. ಗಂಟಲಲ್ಲಿ ಪೊರೆ ಕಟ್ಟಿ ಉಸಿರಾಟಕ್ಕೇ ಸಂಚಕಾರ ತರುವ ರೋಗ. ವಿಷ ಹೃದಯಕ್ಕೂ ಏರುತ್ತೆ. ಡಿಸೆಂಬರ್ 28ರಂದು ದೊರೆ ತೀರಿಕೊಂಡರು.

ವಿಧಿ ನೋಡಿ. ಆ ರೋಗಕ್ಕೆ ಬೇರಿಂಗ್ ಎಂಬ ಜರ್ಮನ್ ವಿಜ್ಞಾನಿ ಮತ್ತು ಅವರ ಜೊತೆಯವರು ಕಂಡುಹಿಡಿದ ಮದ್ದು ಯೂರೋಪಿನಲ್ಲಿ ಬಳಕೆಗೆ ಬರುತ್ತಿದ್ದದ್ದು ಸರಿಯಾಗಿ ಅದೇ ವರ್ಷ. ಅದಕ್ಕಾಗಿಯೇ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬೇರಿಂಗ್ ಅವರಿಗೆ ಸಿಕ್ಕಿತು. ದೊಡ್ಡ ಸಂಸ್ಥಾನದ ದೊರೆಯನ್ನು ಉಳಿಸಲಾಗದ ರೋಗಕ್ಕೆ ಇವತ್ತು ಬಡವರ ಮಕ್ಕಳಿಗೂ ಪುಕ್ಕಟೆ ಲಸಿಕೆ ಇದೆ. 10 ಮತ್ತು 16ನೇ ವಯಸ್ಸಿಗೆ ಹಾಕುವ ಟಿ.ಡಿ. ಚುಚ್ಚುಮದ್ದು ಧನುರ್ವಾಯುವಿನ ಜೊತೆಗೆ ಇದಕ್ಕೂ ಸೇರಿದ್ದು. ಸೂಜಿ ಕಂಡು ಹಿತ್ತಲ ಕಡೆ ಓಡುವ ಗೆಳೆಯರು ದಯವಿಟ್ಟು ಇದನ್ನು ಎರಡು ಸಲ ಓದಿ.

ಕಲ್ಕತ್ತೆಯ ಕಾಳಿಘಾಟ್ ಹತ್ತಿರ ಆದಿಗಂಗೆಯ ದಡದ ಕೇವಡಾತಲಾ ಘಾಟಿನಲ್ಲಿ ದೊರೆಯ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಮೈಸೂರಿನ ಹೆಸರು ಹೊತ್ತ ತೋಟ, ಗುಡಿ ಅವರ ನೆನಪಿಗೆ ನಿಂತಿವೆ.

ರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ 30 ತುಂಬಿರಲಿಲ್ಲ. ಪರಊರು, ಗಂಡನ ಸಾವು, ಚಿಕ್ಕ ಚಿಕ್ಕ ಮಕ್ಕಳು. ದೊಡ್ಡ ಮಗ ಕೃಷ್ಣರಾಜನಿಗೆ 10 ವರ್ಷ. 1868ರಲ್ಲಿ ಪಟ್ಟಕ್ಕೆ ಬಂದವರು ಮಗು ಅಂತ ಇಂಗ್ಲಿಷರೇ ಹದಿಮೂರು ವರ್ಷ ಆಳಿದ್ದರು. ಈಗಲೂ ಮಗುವೇ. ಅದೇ ನೆಪ ಅವರ ಕೈಯಲ್ಲಿತ್ತು.

ಆದರೆ ಈ ಸಲ ಮೈಸೂರು ಬೇರೆಯಾಗಿತ್ತು. ಲೆಕ್ಕ ಸರಿಯಾಗಿತ್ತು, ಅನುಭವಿ ದಿವಾನರಿದ್ದರು, ವರ್ಷವರ್ಷ ಸೇರುವ ಪ್ರಜಾಪ್ರತಿನಿಧಿ ಸಭೆ ಇತ್ತು. ಆಡಳಿತ ಕೆಟ್ಟಿದೆ ಅಂತ ಬೆರಳು ತೋರಿಸಲು ಜಾಗವಿರಲಿಲ್ಲ. 1895ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜರಿಗೆ ಪಟ್ಟವಾಯಿತು. ತಾಯಿಯೇ ರೀಜೆಂಟ್ ಆದರು. ವಾಣೀವಿಲಾಸ ಸನ್ನಿಧಾನ ಅಂತ ನಾವು ಕರೆಯುವುದು ಅವರನ್ನೇ. 1902ರ ಆಗಸ್ಟ್ ತನಕ ಅವರು ರಾಜ್ಯ ನೋಡಿಕೊಂಡರು. ಪ್ಲೇಗು ಬಂತು, ಅರಮನೆ ಸುಟ್ಟುಹೋಯಿತು, ಅವರು ಹಿಂಜರಿಯಲಿಲ್ಲ. ವಾಣೀವಿಲಾಸ ಸಾಗರದ ಅಣೆಕಟ್ಟೆಗೆ ಕೈಹಾಕಿದರು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಮುಟ್ಟಿತು. ಮಗನ ಕೈಗೆ ರಾಜ್ಯವನ್ನು ಕುಂದಿಲ್ಲದೆ ಒಪ್ಪಿಸಿದರು.

ನಾವು ಕಲಿಯುವುದು

ಚಾಮರಾಜೇಂದ್ರರು ಆಳಿದ್ದು ಹದಿಮೂರು ವರ್ಷ ಒಂಬತ್ತು ತಿಂಗಳು. ಯುದ್ಧ ಗೆಲ್ಲಲಿಲ್ಲ, ಕೋಟೆ ಹಿಡಿಯಲಿಲ್ಲ. ತಾವಿಲ್ಲದಿದ್ದರೂ ನಡೆಯುವಂತೆ ಕೆಲಸಗಳನ್ನು ಹೂಡಿಟ್ಟರು. ಹೆಸರಘಟ್ಟದ ನೀರನ್ನು ಬೇರೆಯವರು ಕುಡಿದರು, ಅರ್ಥಶಾಸ್ತ್ರವನ್ನು ಬೇರೆಯವರು ಓದಿದರು, ಶಾಲೆಯ ಹೆಣ್ಣುಮಕ್ಕಳ ಮೊಮ್ಮಕ್ಕಳು ಟೀಚರಾದರು. ಒಳ್ಳೆ ಆಡಳಿತ ಅಂದ್ರೆ ಆಳುವವನು ಹೋದ ಮಾರನೆ ದಿನವೂ ಕಛೇರಿ ಬಾಗಿಲು ತೆರೆಯೋದು ಅಂತ ನಮಗೆ ಅನ್ನಿಸುತ್ತೆ. ನಮ್ಮ ಶಾಲಾ ಸಂಸತ್ತಿನ ಮಂತ್ರಿಗಳೂ ಯೋಚಿಸಬಹುದು!

ಒಂದು ಗೊಂದಲ ಬಿಡಿಸಿ ಮುಗಿಸುತ್ತೇವೆ. ಚಾಮರಾಜನಗರಕ್ಕೆ ಹೆಸರು ಬಂದದ್ದು ಇವರಿಂದಲ್ಲ, ಮುಮ್ಮಡಿಯವರ ತಂದೆ ಚಾಮರಾಜ ಒಡೆಯರಿಂದ. ಇವರ ಹೆಸರಿರುವುದು ಮೈಸೂರಿನ ಮೃಗಾಲಯಕ್ಕೆ ಮತ್ತು ಬೆಂಗಳೂರಿನ ಕಬ್ಬನ್ ಪಾರ್ಕಿಗೆ. ಹೌದು, ಕಬ್ಬನ್ ಪಾರ್ಕಿನ ಸರ್ಕಾರಿ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಅಲ್ಲಿ ಅವರ ವಿಗ್ರಹವೂ ಇದೆ. ಪ್ರವಾಸ ಹೋದಾಗ ಹುಡುಕಿ ನೋಡಿ.

ನೆನಪಿಡಿ:
1863 – ಜನನ
1868 – ಪಟ್ಟಾಭಿಷೇಕ
1881 – ಪುನರ್ದಾನ, ಪ್ರಜಾಪ್ರತಿನಿಧಿ ಸಭೆ
1882 – ವೈಟ್‌ಫೀಲ್ಡ್‌ಗೆ ಭೂಮಿ
1894 – ಬಾಲ್ಯವಿವಾಹ ತಡೆ ಕಾನೂನು. ಡಿಸೆಂಬರ್ 28ರಂದು ನಿಧನ


– ಒಂಬತ್ತನೇ ತರಗತಿ, ಗೋಡೆ ಪತ್ರಿಕೆ ಬಳಗ